ಎಸ್.ಕೆ. ಬಾರ್ಡರ್ ದಾರಿಯಲ್ಲಿ ಒಂದು ಊರು, ಒಂದು ಹೊಳೆ

ಕಳಸದಿಂದ ಕುದುರೆಮುಖದ ಮೇಲೆ ಕಾರ್ಕಳಕ್ಕೆ ಇಳಿಯೋ ದಾರಿಯಲ್ಲಿ ಎಸ್.ಕೆ. ಬಾರ್ಡರ್ ಅಂತ ಒಂದು ಜಾಗ ಇದೆ. ನಿಮಗೆಲ್ಲ ಗೊತ್ತಿರೋದೇ. ಶೃಂಗೇರಿ ಕಡೆಯ ರಸ್ತೆ ಬಂದು ಕೂಡೋ ಜಾಗ, ಅರಣ್ಯ ಇಲಾಖೆಯ ಗೇಟು, ಸುತ್ತ ಕಾಡು. ಬಸ್ಸಿನವರು ಬರೀ "ಬಾರ್ಡರ್" ಅಂತಾರೆ. ಯಾವ ಬಾರ್ಡರ್, ಯಾರ ಬಾರ್ಡರ್ ಅಂತ ಈಗಿನ ಮಕ್ಕಳು ಕೇಳ್ತಾರೆ. ಅಲ್ಲಿ ಬೇರೆ ರಾಜ್ಯ ಇಲ್ಲ, ಬೇರೆ ಭಾಷೆ ಅಂತಾನೂ ಇಲ್ಲ.

ಎಸ್.ಕೆ. ಅಂದ್ರೆ ಸೌತ್ ಕೆನರಾ. 1956ನೇ ಇಸವಿ ನವೆಂಬರ್ 1ರವರೆಗೆ ಘಟ್ಟದ ಮೇಲಿನ ನಾವು ಮೈಸೂರಿನವರು, ಘಟ್ಟದ ಕೆಳಗಿನವರು ಮದ್ರಾಸಿನವರು. ಕಾರ್ಕಳದ ಮನೆಯಲ್ಲಿ ಮಾತಾಡೋದು ತುಳು, ಕನ್ನಡ. ಸರ್ಕಾರ ಮಾತ್ರ ಮದ್ರಾಸಿಂದು. ಆಮೇಲೆ ಎರಡೂ ಒಂದೇ ರಾಜ್ಯ ಆಯ್ತು. ಸೌತ್ ಕೆನರಾ ಹೋಗಿ ದಕ್ಷಿಣ ಕನ್ನಡ ಆಯ್ತು, 1997ರಲ್ಲಿ ಅದರಲ್ಲೂ ಪಾಲಾಗಿ ಕಾರ್ಕಳ ಉಡುಪಿ ಜಿಲ್ಲೆಗೆ ಸೇರ್ತು. ಗಡಿ ಅಳಿಸಿ ಅರವತ್ತು ವರ್ಷದ ಮೇಲಾಯ್ತು. ಹೆಸರು ಮಾತ್ರ ಅಲ್ಲೇ ಕೂತಿದೆ.

ಅದಕ್ಕೂ ಹಿಂದೆ ಹೋದ್ರೆ ಇನ್ನೊಂದು ಸೋಜಿಗ. ಕಳಸ, ಕಾರ್ಕಳ ಎರಡನ್ನೂ ಆಳಿದ್ದು ಒಂದೇ ಮನೆತನ, ಭೈರರಸರು. ಕಾರ್ಕಳದ ಬೆಟ್ಟದ ಮೇಲೆ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ್ದು ಅದೇ ಮನೆತನದ ವೀರಪಾಂಡ್ಯ. ಅಂದ್ರೆ ಮೊದಲು ಒಂದಾಗಿದ್ದದ್ದು ನಡುವೆ ಎರಡಾಗಿ, ಮತ್ತೆ ಒಂದಾಯ್ತು. ಹೆಣ್ಣು ಕೊಡೋದು ತರೋದು ಮಾತ್ರ ಯಾವ ಕಾಲದಲ್ಲೂ ನಿಂತಿಲ್ಲ ನೋಡಿ. ನಮ್ಮ ಮನೆಯಲ್ಲೇ ಒಬ್ಬ ಅಜ್ಜಿ ಘಟ್ಟದ ಕೆಳಗಿಂದ ಬಂದವರು. ಮದುವೆಯಾಗಿ ಬರುವಾಗ ಅರ್ಧ ದಾರಿ ನಡೆದೇ ಬಂದಿದ್ರಂತೆ. ಉಪ್ಪು, ಒಣಮೀನು ಹೊತ್ತು ಘಟ್ಟ ಹತ್ತೋರ ಹಿಂದೆ ಹಿಂದೆ ನಡೆದದ್ದನ್ನ ಸಾಯೋವರೆಗೂ ಹೇಳ್ತಿದ್ರು.

ನಮ್ಮಲ್ಲಿ ನೆಂಟರ ಮನೆಗೆ ಹೋಗೋ ಕಾಲ ಅಂದ್ರೆ ಚಳಿಗಾಲವೇ. ಮಳೆಗಾಲದಲ್ಲಿ ಯಾರೂ ಯಾರ ಮನೆಗೂ ಹೋಗಲ್ಲ, ಹೋದ್ರೆ ಬರೋಕಾಗಲ್ಲ. ಧನುರ್ಮಾಸದ ಹೊತ್ತಿಗೆ ಗದ್ದೆ ಕೊಯ್ಲು ಮುಗಿದಿರುತ್ತೆ, ಅರೇಬಿಕಾ ಹಣ್ಣು ಹೆಚ್ಚುಕಡಿಮೆ ಕುಯ್ದಾಗಿರುತ್ತೆ, ರೊಬಸ್ಟಾ ಇನ್ನೂ ಪೂರ್ತಿ ಹಣ್ಣಾಗಿರಲ್ಲ. ಕಣದಲ್ಲಿ ಕಾಫಿ ಒಣಗ್ತಿರುತ್ತೆ, ಅದನ್ನ ಸಂಜೆ ಗುಡ್ಡೆ ಹಾಕಿ ಮುಚ್ಚೋಕೆ ಒಬ್ಬರನ್ನ ಮನೆಯಲ್ಲಿ ಬಿಟ್ರೆ ನಾಲ್ಕು ದಿನ ಹೊರಡಬಹುದು. ಇಂಬಳದ ಕಾಟ ಇಲ್ಲ, ಕಾಲುದಾರಿ ಒಣಗಿರುತ್ತೆ, ಹೊಳೆ ಇಳಿದಿರುತ್ತೆ. ಬೆಳಿಗ್ಗೆ ಒಂಬತ್ತಾದ್ರೂ ಮಂಜು ಬಿಟ್ಟಿರಲ್ಲ ಅನ್ನೋದೊಂದೇ.

ಹೋದ ಚಳಿಗಾಲದಲ್ಲಿ ನಾವು ಮೂಡಿಗೆರೆ ಕಡೆಯಿಂದ ಹೊರಟು ಕೊಟ್ಟಿಗೆಹಾರ, ಬಾಳೂರು ಮೇಲೆ ಕಳಸಕ್ಕೆ ಹೋಗಿ, ಅಲ್ಲಿ ಸೋದರತ್ತೆ ಮನೆಯಲ್ಲಿ ಎರಡು ದಿನ ಇದ್ದು, ಆಮೇಲೆ ಸಂಸೆ, ಕುದುರೆಮುಖ, ಎಸ್.ಕೆ. ಬಾರ್ಡರ್, ಬಜಗೋಳಿ, ಕಾರ್ಕಳ ದಾಟಿ ಮಂಗಳೂರಿನ ಅಕ್ಕನ ಮನೆ ಸೇರಿದ್ವಿ. ಈ ಅಕ್ಕ ನಮ್ಮ ದೊಡ್ಡಪ್ಪನ ಮಗಳು. ಕಳಸದಲ್ಲಿರೋರು ಕಳಸದತ್ತೆ. ಮಂಗಳೂರಲ್ಲಿರೋಳನ್ನ ನಾವು ಇವತ್ತಿಗೂ ಕುದುರೆಮುಖದಕ್ಕ ಅಂತೀವಿ. ಇವರಿಬ್ಬರ ಕಥೆ ಹೇಳೋಕೆ ಮೊದಲು ಆ ಊರಿನ ಕಥೆ ಹೇಳಬೇಕು.

ಕುದುರೆಮುಖ ಅನ್ನೋದು ಮೊದಲು ಊರಲ್ಲ, ಬೆಟ್ಟ. ಒಂದು ಕಡೆಯಿಂದ ನೋಡಿದ್ರೆ ಕುದುರೆ ಮೂತಿ ಹಾಗೆ ಕಾಣುತ್ತೆ ಅಂತ ಆ ಹೆಸರು. ಎತ್ತರ ಸುಮಾರು 1,890 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಕಮ್ಮಿ. ಅದರ ಸುತ್ತ ಹುಲ್ಲುಗುಡ್ಡ, ಗುಡ್ಡದ ಸಂದಿಯಲ್ಲಿ ಸೋಲೆ ಕಾಡು. ಹುಲ್ಲು ಮಳೆನೀರು ಹಿಡೀತದೆ, ಕಾಡು ಅದನ್ನ ಬೇಸಿಗೆವರೆಗೂ ಇಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತೆ. ನಾವು ಮನೆಯಲ್ಲಿ ಖರ್ಚಿನ ದುಡ್ಡು ಬಿಡೋ ಹಾಗೆ. ಅಲ್ಲಿ ವರ್ಷಕ್ಕೆ ಬೀಳೋ ಮಳೆ ಸುಮಾರು 7,000 ಮಿಲಿಮೀಟರ್. ಅಂದ್ರೆ ಏಳು ಮೀಟರ್, ಉಪ್ಪರಿಗೆ ಮನೆಯಷ್ಟು ಎತ್ತರದ ನೀರು!

ಆ ಸಾಲಿನಲ್ಲೇ ಗಂಗಾಮೂಲ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟೋದು ಅಲ್ಲೇ ಅನ್ನೋದು ನಮ್ಮ ಹಿರಿಯರ ಮಾತು. ತುಂಗೆ ಶೃಂಗೇರಿ ಕಡೆ ಹೋಗ್ತಾಳೆ, ಭದ್ರೆ ಕಳಸ, ಬಾಳೆಹೊನ್ನೂರು ಕಡೆ ಬರ್ತಾಳೆ, ನೇತ್ರಾವತಿ ಘಟ್ಟ ಇಳಿದು ಧರ್ಮಸ್ಥಳದ ಮೇಲೆ ಮಂಗಳೂರಿಗೆ. ಒಂದೇ ತವರಿನ ಮೂವರನ್ನ ಮೂರು ಕಡೆ ಕೊಟ್ಟ ಹಾಗೆ. ಇಬ್ಬರು ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಮತ್ತೆ ಸೇರ್ತಾರೆ, ಮೂರನೆಯವಳು ಸೇರೋದೇ ಇಲ್ಲ.

1913ರಲ್ಲಿ ಮೈಸೂರು ಸರ್ಕಾರದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್ ಅನ್ನೋರು ಈ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇದೆ ಅಂತ ಕಂಡುಹಿಡಿದ್ರು. ಅಷ್ಟು ಮಳೆ, ಅಷ್ಟು ಕಾಡು, ದಾರಿ ಇಲ್ಲ. ಅದೂ ಅಲ್ದೆ ಆ ಅದಿರು ಹಾಗೇ ಮಾರುವಷ್ಟು ಗಟ್ಟಿಯದಲ್ಲ. ಅರವತ್ತು ವರ್ಷ ಅದು ಹಾಗೇ ಬಿದ್ದಿತ್ತು.

ಅದು ಎದ್ದದ್ದು ಇರಾನಿನ ದುಡ್ಡಿನಿಂದ. ನಂಬ್ತೀರಾ? 1975ರ ನವೆಂಬರಿನಲ್ಲಿ ಭಾರತ ಸರ್ಕಾರಕ್ಕೂ ಇರಾನಿಗೂ ಒಂದು ಕರಾರು ಆಯ್ತು. ಅವರು 63 ಕೋಟಿ ಡಾಲರ್ ಸಾಲ ಕೊಡೋದು, ನಾವು ವರ್ಷಕ್ಕೆ 75 ಲಕ್ಷ ಟನ್ನಿನ ಹಾಗೆ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ 15 ಕೋಟಿ ಟನ್ ಅದಿರಿನ ಪುಡಿ ಕಳಿಸೋದು. 1976ರ ಏಪ್ರಿಲ್ 2ಕ್ಕೆ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಕಾಡಿನ ನಡುವೆ ಕೆಲಸ ಶುರುವಾಯ್ತು. ನಾವು ಈಗ ಕಾರಲ್ಲಿ ಹಾಡು ಹಾಕ್ಕೊಂಡು ಹೋಗ್ತೀವಲ್ಲ, ಆ ಕಾರ್ಕಳದ ರಸ್ತೆ ಈ ಅಂದಕ್ಕೆ ಬಂದದ್ದು ಆ ಗಣಿ ಕೆಲಸದ ಕಾಲದಲ್ಲೇ.

ಅಷ್ಟರಲ್ಲಿ 1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಗಿ ಅಲ್ಲಿನ ದೊರೆ ಶಾ ದೇಶ ಬಿಟ್ಟು ಹೋದ. ಹೊಸ ಸರ್ಕಾರಕ್ಕೆ ನಮ್ಮ ಅದಿರು ಬೇಡ. ಸುಮಾರು 25 ಕೋಟಿ ಡಾಲರ್ ಕೊಟ್ಟಿದ್ದವರು ಉಳಿದದ್ದನ್ನ ಕೊಡಲಿಲ್ಲ. ಅರ್ಧ ಕಟ್ಟಿದ ಮನೆ ಬಿಡೋಕಾಗುತ್ತಾ? ನಮ್ಮ ಸರ್ಕಾರವೇ ದುಡ್ಡು ಹಾಕಿ 1980ರಲ್ಲಿ ಮುಗಿಸಿತು. ಕಟ್ಟಿದ್ದು ಒಬ್ಬರಿಗೆ, ಮಾರಿದ್ದು ಬೇರೆಯವರಿಗೆ ಅನ್ನೋ ಹಾಗಾಯ್ತು.

ಕೆಲಸ ನಡೀತಿದ್ದ ಕ್ರಮವನ್ನ ಭಾವ ನಮಗೆ ಅಡುಗೆಮನೆ ಲೆಕ್ಕದಲ್ಲೇ ಹೇಳ್ತಿದ್ರು. ಆ ಕಲ್ಲಲ್ಲಿ ಕಬ್ಬಿಣ ಇದ್ದದ್ದು ನೂರಕ್ಕೆ ಮೂವತ್ತೆಂಟರ ಹತ್ತಿರ. ಮೊದಲು ಕಲ್ಲನ್ನ ಹಿಟ್ಟಿನಷ್ಟು ನುಣ್ಣಗೆ ಬೀಸೋದು. ಅದು ಅಯಸ್ಕಾಂತಕ್ಕೆ ಅಂಟೋ ಜಾತಿ ಅದಿರು, ಹಾಗಾಗಿ ಅಯಸ್ಕಾಂತ ಹಿಡಿದು ಬೇರೆ ಮಾಡೋದು. ಆಗ ನೂರಕ್ಕೆ ಅರವತ್ತೇಳರಷ್ಟು ಕಬ್ಬಿಣದ ಕಪ್ಪು ಪುಡಿ ಸಿಗುತ್ತೆ. ಅದಕ್ಕೆ ನೀರು ಕೂಡಿಸಿ ದೋಸೆಹಿಟ್ಟಿನ ಹಾಗೆ ಮಾಡಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಬಿಡೋದು. ಅಲ್ಲಿ ನೀರು ಸೋಸಿ ಹಡಗಿಗೆ. 1987ರಿಂದ ಅಲ್ಲೇ ಅದನ್ನ ಸಣ್ಣ ಉಂಡೆ ಕಟ್ಟಿ ಸುಟ್ಟು ಮಾರೋದೂ ಶುರುವಾಯ್ತು.

ಅಕ್ಕಿ ಕೇರಿದ್ರೆ ತೌಡು ಬರುತ್ತಲ್ಲ, ಹಾಗೆ ಅದಿರು ತೆಗೆದ ಮೇಲೆ ಉಳಿಯೋ ಕಲ್ಲಿನ ಹಿಟ್ಟು ಎಲ್ಲಿಗೆ ಹೋಗಬೇಕು? ಭದ್ರೆಗೆ ಸೇರೋ ಲಕ್ಯಾ ಹೊಳೆಗೆ ಸುಮಾರು ನೂರು ಮೀಟರ್ ಎತ್ತರದ ಕಟ್ಟೆ ಕಟ್ಟಿ ಅದರ ಹಿಂದೆ ತುಂಬಿದ್ರು. ಲಕ್ಯಾ ಡ್ಯಾಮ್ ಅಂದ್ರೆ ನೀರಿನ ಡ್ಯಾಮ್ ಅಂತ ಎಷ್ಟೋ ಜನ ತಿಳ್ಕೊಂಡಿದ್ದಾರೆ. ಅದರಲ್ಲಿರೋದು ಹೆಚ್ಚಿನದು ಈ ಕೆಸರೇ. ಗಣಿ ನಿಂತರೂ ಆ ಕಟ್ಟೆ ಅಲ್ಲೇ ಇದೆ, ಕೆಸರೂ ಇದೆ.

ಈಗ ಅಕ್ಕನ ಕಥೆ. ಭಾವನಿಗೆ ಕಂಪನಿಯಲ್ಲಿ ಕೆಲಸ, ಅಕ್ಕ ಮದುವೆಯಾಗಿ ಹೋದದ್ದು ಎಂಬತ್ತರ ದಶಕದ ಮೊದಲಲ್ಲಿ. ಆಗ ನಮ್ಮ ಮನೆಗಳಲ್ಲಿ ಇನ್ನೂ ಲಾಟೀನು. ಬಾವಿಯಿಂದ ನೀರು ಸೇದೋದು, ಸೌದೆ ಒಲೆ ಊದೋದು. ಅಕ್ಕನ ಕ್ವಾರ್ಟರ್ಸಿನಲ್ಲಿ ನಲ್ಲಿ ತಿರುಗಿಸಿದ್ರೆ ನೀರು, ಗುಂಡಿ ಒತ್ತಿದ್ರೆ ದೀಪ, ಗ್ಯಾಸ್ ಒಲೆ. ಶಾಲೆ, ಆಸ್ಪತ್ರೆ, ಬ್ಯಾಂಕು, ಆಟದ ಬಯಲು ಎಲ್ಲ ನಡೆದು ಹೋಗೋ ದೂರದಲ್ಲಿ. ಬಂಗಾಳಿ, ಮಲಯಾಳಿ, ತೆಲುಗು, ತುಳು ಎಲ್ಲರೂ ಅಕ್ಕಪಕ್ಕ. ಅಕ್ಕ ಸಾಸಿವೆ ಅರೆದು ಮೀನು ಮಾಡೋದು ಕಲಿತದ್ದು ಅಲ್ಲೇ, ಪಕ್ಕದ ಮನೆಯವರಿಗೆ ಕಡುಬು ಕಲಿಸಿದ್ದೂ ಅಲ್ಲೇ. ನಾವು ಟಿ.ವಿ. ಮೊದಲು ನೋಡಿದ್ದು ಅವಳ ಮನೆಯಲ್ಲಿ. ಮಳೆಗಾಲದಲ್ಲಿ ನಾಲ್ಕು ತಿಂಗಳು ಬಟ್ಟೆ ಒಣಗ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಕೆಂಡದ ಮೇಲೆ ಬುಟ್ಟಿ ಕವುಚಿ ಬಟ್ಟೆ ಹರಡ್ತೀವಲ್ಲ, ಅವಳಿಗೆ ಅಲ್ಲಿ ಕೆಂಡವೂ ಇಲ್ಲ. ಇಸ್ತ್ರಿ ಪೆಟ್ಟಿಗೆಯಲ್ಲೇ ಒಣಗಿಸ್ತಿದ್ದಳು. ಆದ್ರೂ "ನನ್ನ ಸಂಸಾರ ಅಂದ್ರೆ ಅದೇ ಕಣೆ" ಅಂತಾಳೆ. ಇಬ್ಬರು ಮಕ್ಕಳು ಅಲ್ಲೇ ಹುಟ್ಟಿ ಅಲ್ಲೇ ಓದಿದ್ರು.

ಅದೇ ಭದ್ರೆಯ ಕೆಳಗಡೆ ಕಳಸದತ್ತೆ ಮನೆ. ಹೊಳೆದಂಡೆಗೆ ಗದ್ದೆ, ಅದರ ಮೇಲೆ ಅಡಿಕೆ, ಅದರ ಮೇಲೆ ಕಾಫಿ. ಅತ್ತೆ ಮದುವೆಯಾಗಿ ಬಂದಾಗ ಹೊಳೆಯ ತಳದ ಕಲ್ಲು ಎಣಿಸಬಹುದಿತ್ತಂತೆ. ಆಮೇಲಾಮೇಲೆ ಮಳೆಗಾಲದ ನೀರು ಕೆಮ್ಮಣ್ಣು ಕದಡಿದ ಹಾಗೆ ಬರೋಕೆ ಶುರುವಾಯ್ತು. ನೆರೆ ಇಳಿದ ಮೇಲೆ ಗದ್ದೆಯಲ್ಲಿ ಮಣ್ಣು ಕೂತಿರ್ತಿತ್ತು. ಬುಟ್ಟಿಯಲ್ಲಿ ಹೊತ್ತು ಹಾಕೋದು ಹೆಂಗಸರ ಕೆಲಸ. ಬಟ್ಟೆ ಹೊಳೆಗೆ ಒಯ್ಯೋದನ್ನ ಬಿಟ್ರು. ಹಾಗಂತ ಅತ್ತೆ ಕುದುರೆಮುಖ ಬೇಡ ಅಂತಲೂ ಹೇಳಿದವರಲ್ಲ. ಅವರ ಮಗಳ ಮೊದಲ ಹೆರಿಗೆ ಕಷ್ಟವಾದಾಗ ಜೀಪಲ್ಲಿ ಹಾಕ್ಕೊಂಡು ಓಡಿದ್ದು ಆ ಊರಿನ ಆಸ್ಪತ್ರೆಗೇ. ತಾಯಿ ಮಗು ಇಬ್ಬರೂ ಉಳಿದ್ರು. ಆ ಮಗುವಿಗೇ ಈಗ ಮದುವೆಯಾಗಿದೆ.

ಊರು ಬೆಳೀತಿದ್ದಾಗಲೇ ಇನ್ನೊಂದು ಕಡೆಯಿಂದ ಬೇರೆ ಕೆಲಸ ನಡೀತಿತ್ತು. ಸಿಂಗಳೀಕದಂಥ ಅಪರೂಪದ ಪ್ರಾಣಿ ಇರೋ ಕಾಡು ಅಂತ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಮಾಡೋಕೆ ಸರ್ಕಾರ ಮೊದಲ ಆದೇಶ ಹೊರಡಿಸ್ತು. 2001ರಲ್ಲಿ ಕೊನೆಯ ಆದೇಶ, ಸುಮಾರು 600 ಚದರ ಕಿಲೋಮೀಟರ್. ಗಣಿಯ ಮೂವತ್ತು ವರ್ಷದ ಗುತ್ತಿಗೆ 1999ರ ಜುಲೈಗೆ ಮುಗಿದಿತ್ತು. ಮುಂದುವರಿಸಬೇಕಾ ಬೇಡವಾ ಅಂತ ದೊಡ್ಡ ಜಗಳ. ಕೊಡಗಿನ ಕೆ.ಎಂ. ಚಿಣ್ಣಪ್ಪ, ನಾಗರಹೊಳೆಯಲ್ಲಿ ರೇಂಜರ್ ಆಗಿದ್ದವರು, ಸುಪ್ರೀಂ ಕೋರ್ಟಿಗೆ ಹೋದ್ರು. ಕಾಡು ಹಾಳಾಗ್ತಿದೆ, ಹೂಳು ಭದ್ರೆಗೆ ಸೇರ್ತಿದೆ ಅನ್ನೋದು ಆ ಕಡೆಯವರ ವಾದ. ಸಾವಿರಾರು ಸಂಸಾರದ ಅನ್ನ, ದೇಶಕ್ಕೆ ಬರೋ ವಿದೇಶಿ ಹಣ ಅನ್ನೋದು ಈ ಕಡೆಯವರದು. 2002ರ ಅಕ್ಟೋಬರ್ 30ಕ್ಕೆ ತೀರ್ಪು ಬಂತು. ಆಗಲೇ ಅಗೆದಿದ್ದ ಜಾಗದಲ್ಲಿ 2005ರ ಕೊನೆವರೆಗೆ ತೆಗೀಬಹುದು, ಆಮೇಲೆ ಇಲ್ಲ.

2005ರ ಡಿಸೆಂಬರ್ 31. ಲೋಕವೆಲ್ಲ ಹೊಸವರ್ಷಕ್ಕೆ ಕೇಕು ಕತ್ತರಿಸ್ತಿದ್ದ ದಿನ. ಆ ದಿನಕ್ಕೆ ಗಣಿ ನಿಂತಿತು. ಅಕ್ಕ ಹೇಳ್ತಾಳೆ, ಇಪ್ಪತ್ತು ಚಿಲ್ಲರೆ ವರ್ಷ ಹಗಲೂ ರಾತ್ರಿ ಯಂತ್ರದ ಗುಂಯ್ ಶಬ್ದ ಕೇಳಿ ಮಲಗಿದ್ದ ಊರಿಗೆ ಅದು ನಿಂತ ಮೇಲೆ ನಿದ್ದೆ ಬರಲಿಲ್ಲವಂತೆ. ಅಳಬೇಕೋ ಬೇಡವೋ ಗೊತ್ತಾಗದೆ ಹೆಂಗಸರೆಲ್ಲ ಒಬ್ಬರ ಮನೆಯಲ್ಲಿ ಕೂತು ಬೆಳಗಿನವರೆಗೂ ಕಾಫಿ ಕುಡಿದ್ರಂತೆ. ಭಾವನಿಗೆ ಮಂಗಳೂರಿನ ಕಾರ್ಖಾನೆಗೆ ವರ್ಗವಾಯ್ತು. ಅಕ್ಕ ತನ್ನ ಕೈಯಾರೆ ನೆಟ್ಟಿದ್ದ ಡೇಲಿಯಾ ಗೆಡ್ಡೆ ಕಿತ್ತು ಗೋಣಿಚೀಲದಲ್ಲಿ ಕಟ್ಟಿಕೊಂಡು ಘಟ್ಟ ಇಳಿದಳು. ಮಂಗಳೂರಿನ ಸೆಕೆಗೆ ಅದು ಹೂ ಬಿಡಲಿಲ್ಲ.

ಕಳಸದತ್ತೆ ಮನೆಯಲ್ಲಿ ಅದೇ ದಿನ ಏನೂ ಆಗಲಿಲ್ಲ. ಪೇಪರ್ ಓದಿ ಮಾವ "ನಿಂತ್ತು ಕಣೆ" ಅಂದ್ರಂತೆ. ಆದ್ರೆ ಒಂದೆರಡು ಮಳೆಗಾಲ ಕಳೆದ ಮೇಲೆ ಗದ್ದೆಯಲ್ಲಿ ಕೂರೋ ಮಣ್ಣು ಕಮ್ಮಿಯಾದದ್ದು ಅತ್ತೆಗೆ ಬುಟ್ಟಿ ಲೆಕ್ಕದಲ್ಲೇ ಗೊತ್ತಾಯ್ತು. ಆಗ ಅವರು ದೇವರಿಗೆ ಒಂದು ಕಾಯಿ ಒಡೆಸಿದ್ರು. ಅಕ್ಕನ ಮುಂದೆ ಮಾತ್ರ ಇವತ್ತಿಗೂ ಆ ವಿಷಯ ಎತ್ತಿಲ್ಲ.

ಇನ್ನೂ ಒಂದು ಕಡೆಯವರಿದ್ದಾರೆ. ಉದ್ಯಾನದ ಗೆರೆಯೊಳಗೆ ಸಿಕ್ಕ ಮನೆಗಳು. ಮಲೆಕುಡಿಯರು, ತಲೆತಲಾಂತರದಿಂದ ಅಲ್ಲೇ ಇದ್ದ ರೈತರು. ಅವರು ಗಣಿಯಿಂದ ಊರು ಕಟ್ಟಿದವರೂ ಅಲ್ಲ, ಕೋರ್ಟಿಗೆ ಹೋದವರೂ ಅಲ್ಲ. 2001ರ ಆದೇಶ ಬಂದ ಮೇಲೆ ಎಬ್ಬಿಸ್ತಾರೆ ಅನ್ನೋ ಹೆದರಿಕೆ ಅವರ ಮನೆಗೆ ಹೊಕ್ಕಿತು. ಕೆಲವರು ಪರಿಹಾರ ತಗೊಂಡು ಹೊರಗೆ ಬಂದ್ರು. ಕೆಲವರು ಅಲ್ಲೇ ಇದ್ದಾರೆ. ರಸ್ತೆ, ಕರೆಂಟು ಕೇಳಿದ್ರೆ ಕಾಡಿನ ಕಾನೂನು ಅಡ್ಡ. ಕುದುರೆಮುಖದ ಕಥೆ ಹೇಳೋರು ಗಣಿ, ಕೋರ್ಟು ಅಂತ ಹೇಳಿ ಮುಗಿಸಿಬಿಡ್ತಾರೆ, ಇವರನ್ನ ಮರೀತಾರೆ.

ಈ ಸಲ ಕಳಸದಲ್ಲಿದ್ದ ಎರಡೂ ದಿನ ಬೆಳಿಗ್ಗೆ ಅತ್ತೆ ಜೊತೆ ಹೊಳೆದಂಡೆಯಲ್ಲಿ ನಡೆದ್ವಿ. ಎಂಬತ್ತರ ಹತ್ತಿರದವರು, ಕೋಲು ಹಿಡಿದು ನಮಗಿಂತ ಮುಂದೆ. ಮಂಜಿನಲ್ಲಿ ಎದುರಿನ ದಡ ಕಾಣಲಿಲ್ಲ, ನೀರಿನ ಸದ್ದು ಮಾತ್ರ. ಬಿಸಿಲು ಬಂದ ಮೇಲೆ ತಳದ ಕಲ್ಲು ಕಂಡಿತು. "ನೋಡ್ರೇ, ನಾ ಬಂದಾಗ ಹಿಂಗೇ ಇತ್ತು" ಅಂದ್ರು. ಮನೆಗೆ ಬಂದು ಕಡುಬು, ನಾಟಿ ಕೋಳಿ ಸಾರು.

ಆಮೇಲೆ ಸಂಸೆಯ ಟೀ ತೋಟ ದಾಟಿ ಕುದುರೆಮುಖ. ಊರಿನ ರಸ್ತೆಯಲ್ಲಿ ಸ್ವಲ್ಪ ದೂರ ಕಾಲ್ನಡಿಗೆ ಮಾಡಿದ್ವಿ. ಕೆಲವು ಮನೆಗಳಲ್ಲಿ ಜನ ಇದ್ದಾರೆ, ಎಷ್ಟೋ ಮನೆ ಖಾಲಿ. ಮಾಡಿನ ಮೇಲೆ ಪಾಚಿ, ಗೋಡೆಯಲ್ಲಿ ಗಿಡ. ಅಷ್ಟು ಮಳೆಯಲ್ಲಿ ಜನ ಇಲ್ಲದ ಮನೆ ಎಷ್ಟು ವರ್ಷ ನಿಲ್ಲುತ್ತೆ ಹೇಳಿ. ಗುಡ್ಡದ ಹುಲ್ಲು ಆಗತಾನೆ ಹೊಂಬಣ್ಣಕ್ಕೆ ತಿರುಗಿತ್ತು. ಸೊಸೆ ಫೋಟೋ ತೆಗೆದು ಅಕ್ಕನಿಗೆ ಕಳಿಸಿದ್ಲು. ಕಳಿಸಬಾರದಿತ್ತೇನೋ ಅಂತ ನಾನು ಅಂದ್ಕೊಳ್ತಿರುವಾಗಲೇ ಫೋನ್ ಬಂತು. "ಆ ನೀಲಿ ಬಾಗಿಲಿಂದ ಬಲಕ್ಕೆ ಮೂರನೇದು ನಂದು. ಹಿಂದೆ ಪೇರಲೆ ಮರ ಇದ್ಯಾ ನೋಡು." ಮರ ಇತ್ತು. ಕಾಯಿ ಇರಲಿಲ್ಲ.

ಮಂಗಳೂರಿನಲ್ಲಿ ರಾತ್ರಿ ಊಟ ಆದ ಮೇಲೆ ಅಕ್ಕನನ್ನೇ ಕೇಳಿದೆ, ಗಣಿ ನಿಂತದ್ದು ಸರಿಯಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕಾಡಿಗೆ ಸರಿ. ನನಗೆ ಸರಿ ಅನ್ನಿಸೋಕೆ ಇನ್ನೂ ಆಗಿಲ್ಲ" ಅಂದಳು. ಪುಸ್ತಕದಲ್ಲಿ ಒಂದು ಕಡೆಯದ್ದೇ ಬರೆದಿರ್ತಾರೆ. ಒಂದೇ ಮನೆಯ ಇಬ್ಬರು ಹೆಂಗಸರಿಗೆ ಒಂದೇ ತಾರೀಕು ಎರಡು ಥರ ಇರುತ್ತೆ, ಇಬ್ಬರದ್ದೂ ಸುಳ್ಳಲ್ಲ. ಹಾಗಾಗಿ ಮಕ್ಕಳಿಗೆ ಈ ಕಥೆ ಹೇಳುವಾಗ ಎರಡೂ ಹೇಳಿ, ಕಾಡೊಳಗಿನ ಮನೆಯವರದ್ದೂ ಸೇರಿಸಿ ಹೇಳಿ.

ಹೋಗೋರಿಗೆ ನಾಲ್ಕು ಮಾತು. ಕಾಡಿನ ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಡ್ತಾರೆ, ನಡುವೆ ಎಲ್ಲೆಂದರಲ್ಲಿ ನಿಲ್ಲಿಸಬೇಡಿ, ಪ್ಲಾಸ್ಟಿಕ್ ಬಿಸಾಡಬೇಡಿ. ಹನುಮಾನ್ ಗುಂಡಿ ಅಬ್ಬಿಗೆ ಮೆಟ್ಟಿಲು ಬಹಳ ಇವೆ, ಮಂಡಿನೋವಿನವರು ಮೇಲೇ ಕೂತಿರಿ. ಬೆಟ್ಟ ಹತ್ತೋದಾದ್ರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಬೇಕು. ಸ್ವೆಟರ್ ಇರಲಿ, ಫ್ಲಾಸ್ಕಿನಲ್ಲಿ ಕಾಫಿ ಇರಲಿ. ಎಸ್.ಕೆ. ಬಾರ್ಡರ್ ಬಂದಾಗ ಮಕ್ಕಳಿಗೆ ಹೆಸರಿನ ಅರ್ಥ ಹೇಳಿ. ನಮ್ಮ ಮನೆಯಲ್ಲಿ ಮೊಮ್ಮಗ ಈಗಲೇ ಕೇಳ್ತಾನೆ, ಮಂಗಳೂರಿನ ದೊಡ್ಡಜ್ಜಿಗೆ ಕುದುರೆಮುಖದಜ್ಜಿ ಅಂತ ಯಾಕೆ ಕರೀತೀರಿ ಅಂತ.